ಪಿಎಬಿ 419, ಪಿಎಬಿ 101: ಟಿ ಆಂಟಿಜನ್ ಪ್ರತಿಕಾಯ ಕೊಳ್ಳುವ ಮುನ್ನ

ಪಿಎಬಿ 419, ಪಿಎಬಿ 101 ಎರಡೂ 1980ರ ಆಸುಪಾಸಿನ ಇಲಿ ಮೊನೋಕ್ಲೋನಲ್‌ಗಳು, ಅಂದರೆ ಒಂದೇ ಕೋಶದ ಸಂತತಿ ತಯಾರಿಸುವ ಪ್ರತಿಕಾಯಗಳು. ಎರಡೂ ಎಸ್‌ವಿ40 ಎಂಬ ಮಂಗಗಳ ವೈರಸ್ಸಿನ ಲಾರ್ಜ್ ಟಿ ಆಂಟಿಜನ್ ಎಂಬ ಪ್ರೋಟೀನನ್ನು ಹಿಡಿಯುತ್ತವೆ. ಹಾಗೆಂದು ಒಂದರ ಬದಲಿಗೆ ಇನ್ನೊಂದು ನಡೆಯುತ್ತದೆ ಎಂದುಕೊಂಡರೆ ಕೆಟ್ಟಿತು.

419 ಅಂಟುವುದು ಎನ್-ತುದಿಗೆ (ಪ್ರೋಟೀನ್ ಸರಪಳಿಯ ಆರಂಭಕ್ಕೆ). ಲಾರ್ಜ್ ಟಿ (708 ಅಮೈನೊ ಆಮ್ಲ) ಮತ್ತು ಅದೇ ವೈರಸ್ಸಿನ ಚಿಕ್ಕ ಪ್ರೋಟೀನಾದ ಸ್ಮಾಲ್ ಟಿ (174) ಎರಡರಲ್ಲೂ ಮೊದಲ 82 ಒಂದೇ ಆದ್ದರಿಂದ ಬ್ಲಾಟಿನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆಯಲ್ಲಿ) ಎರಡೂ ಕಾಣುತ್ತವೆ: ಸುಮಾರು 90 ಮತ್ತು 20 ಕಿಲೊಡಾಲ್ಟನ್. 101 ಅಂಟುವುದು ಸಿ-ತುದಿಗೆ (ಸರಪಳಿಯ ಕೊನೆಗೆ), ಲಾರ್ಜ್ ಟಿಗೆ ಮಾತ್ರ. ಮೊದಲ 121 ಅಮೈನೊ ಆಮ್ಲಗಳಷ್ಟೇ ಇರುವ ತುಂಡಿನ ಮೇಲೆ 101 ಹಾಕಿ, ಬ್ಯಾಂಡ್ ಬಾರದ್ದಕ್ಕೆ ಪ್ರೋಟೀನೇ ತಯಾರಾಗಿಲ್ಲ ಎಂದು ಬರೆಯಬೇಡಿ. ಧನಾತ್ಮಕ ಕಂಟ್ರೋಲ್‌ಗೆ ಲಾರ್ಜ್ ಟಿ ತಯಾರಿಸುವ 293ಟಿ ಕೋಶಗಳು, ಋಣಾತ್ಮಕಕ್ಕೆ ಅದರ ತಾಯಿಯಾದ, ಟಿ ಇಲ್ಲದ 293: ಇಷ್ಟು ಸಾಕು.

419ರ ತೊಡಕು ಇಮ್ಯುನೊಪ್ರೆಸಿಪಿಟೇಶನ್‌ನಲ್ಲಿ (ಪ್ರತಿಕಾಯದಿಂದ ಪ್ರೋಟೀನನ್ನು ದ್ರಾವಣದಿಂದ ಸೆಳೆದು ತೆಗೆಯುವಾಗ). ಪ್ರತಿಕಾಯದ ಹಗುರ ಸರಪಳಿ 25 ಕಿಲೊಡಾಲ್ಟನ್ ಬಳಿ ದಪ್ಪಗೆ ಓಡಿ ಸ್ಮಾಲ್ ಟಿಯನ್ನು ನುಂಗಿಬಿಡುತ್ತದೆ. ಪ್ರತಿಕಾಯವನ್ನು ಪ್ರೋಟೀನ್ ಎ (ಪ್ರತಿಕಾಯ ಹಿಡಿಯುವ ಬ್ಯಾಕ್ಟೀರಿಯಾ ಪ್ರೋಟೀನ್) ಮಣಿಗಳಿಗೆ 20 ಮಿಲಿಮೋಲಾರ್ ಡಿಎಂಪಿ ಎಂಬ ಬೆಸೆಯುವ ರಾಸಾಯನಿಕದಿಂದ, ಪಿಎಚ್ 9ರ ಬೊರೇಟ್‌ನಲ್ಲಿ 30 ನಿಮಿಷ ಬೆಸೆದರೆ ಬಹುಮಟ್ಟಿಗೆ ಬಿಡುಗಡೆ. ಟ್ರಿಸ್ ಬಫರ್ ಉಳಿದಿದ್ದರೆ ಅದರ ಅಮೈನ್‌ಗಳೇ ಡಿಎಂಪಿ ತಿಂದು ಬೆಸುಗೆ ಕೈಕೊಡುತ್ತದೆ.

ವರ್ಷವಿಡೀ ಬಳಸುವವರಿಗೆ ಶುದ್ಧೀಕರಿಸಿದ ವಯಲ್‌ಗಿಂತ ಹೈಬ್ರಿಡೋಮವೇ (ಆ ಪ್ರತಿಕಾಯ ಸ್ರವಿಸುವ ಕೋಶಸಾಲೇ) ಲೇಸು. 10% ಸೀರಂ ಇರುವ ಆರ್‌ಪಿಎಂಐ ಪೋಷಕ ದ್ರವದಲ್ಲಿ ಬೆಳೆಸಿ, ಜೀವಕೋಶಗಳು ಸಾಯಲು ತೊಡಗಿದ ಮೇಲೆ ಮೇಲ್ದ್ರವ ತೆಗೆಯಿರಿ. ಎರಡೂ ಐಜಿಜಿ2ಎ ವರ್ಗದ ಪ್ರತಿಕಾಯಗಳು, ಪ್ರೋಟೀನ್ ಎಗೆ ಸಲೀಸಾಗಿ ಅಂಟುತ್ತವೆ. ಪ್ರೋಟೀನ್ ಜಿ ಬೇಡ: ಸೀರಂನಲ್ಲಿರುವ ದನದ ಐಜಿಜಿಯನ್ನೂ ಅದು ಬಲವಾಗಿ ಎಳೆದುಕೊಳ್ಳುತ್ತದೆ. ಕಾಲ ಕಳೆದಂತೆ ಪ್ರತಿಕಾಯ ಸ್ರವಿಸದ ಕೋಶಗಳು ಬೇಗ ಬೆಳೆದು ಉಳಿದವನ್ನು ಮೂಲೆಗೊತ್ತುತ್ತವೆ. ಹಾಗಾಗಿ ಬಂದ ವಾರವೇ ಸಾಕಷ್ಟು ವಯಲ್ ಹೆಪ್ಪುಗಟ್ಟಿಸಿ, ಮೈಕೊಪ್ಲಾಸ್ಮಾ (ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ) ಇದೆಯೇ ಪರೀಕ್ಷಿಸಿ. ಇಳುವರಿ ಕುಸಿದರೆ ಬಾವಿಗೆ 0.5 ಕೋಶದಂತೆ ಮರುಕ್ಲೋನ್ ಮಾಡಿ.

ಹೊಸದನ್ನೇ ತಯಾರಿಸುವವರಿಗೆ ಒಂದು ಮಾತು. ಎಸ್‌ವಿ40 ರೂಪಾಂತರಿತ ಕೋಶಗಳನ್ನು ಇಲಿಗೆ ಚುಚ್ಚಿದರೆ ಟಿಗೆ ಅಂಟಿಕೊಂಡ ಪಿ53 (ಕೋಶದ್ದೇ ಆದ, ಗಡ್ಡೆ ತಡೆಯುವ ಪ್ರೋಟೀನ್) ಕೂಡ ಒಳಹೋಗುತ್ತದೆ. ಪಿ53 ಗುರುತಿಸುವ ಪಿಎಬಿ 421 ಅಂಥದ್ದೇ ಫಲ. ಆದ್ದರಿಂದ ಟಿ ಇಲ್ಲದ, ಪಿ53 ಹೇರಳವಾಗಿರುವ ಕೋಶಗಳಲ್ಲೂ ಕ್ಲೋನ್‌ಗಳನ್ನು ಸೋಸಿ.

ಒಂದನ್ನೇ ಕೊಳ್ಳುವುದಾದರೆ 419. ಮರ್ಕೆಲ್ ಗಡ್ಡೆಯ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಪಾಲಿಯೋಮಾ ವೈರಸ್ಸಿಗೆ ಎರಡೂ ಬೇಡ, ಅಲ್ಲಿ ಸಿಎಂ2ಬಿ4 ಎಂಬ ಪ್ರತಿಕಾಯ ನೋಡಿ. ಆ ಗಡ್ಡೆಗಳಲ್ಲಿ ಲಾರ್ಜ್ ಟಿಯ ಸಿ-ತುದಿಯೇ ಕತ್ತರಿಸಿಹೋಗಿರುತ್ತದೆ.