ಆಮ್‌ಸ್ಟರ್‌ಡ್ಯಾಮ್‌ನ ಚಿತ್ರಶಾಲೆಗಳು: ದಿನಕ್ಕೆ ಒಂದೇ ಸಾಕು

ಕೆಲವೇ ದಿನಗಳ ರಜೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ನೋಡಲು ಹೋಗುವ ಕಲಾಸಕ್ತರಿಗೆ ಆ ನಗರದಲ್ಲಿ ಒಂದು ದೊಡ್ಡ ಅನುಕೂಲವಿದೆ. ರೈಕ್ಸ್‌ಮ್ಯೂಸಿಯಂ, ವ್ಯಾನ್ ಗೋ ಮ್ಯೂಸಿಯಂ ಮತ್ತು ಸ್ಟೆಡೆಲೈಕ್ ಮ್ಯೂಸಿಯಂ, ಈ ಮೂರೂ ಮ್ಯೂಸಿಯಂಪ್ಲೇನ್ ಎಂಬ ಒಂದೇ ಬಯಲಿನ ಅಂಚಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಕೆಲವು ನಿಮಿಷಗಳಲ್ಲಿ ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಆದರೆ ಈ ಸಾಮೀಪ್ಯವೇ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿಬಿಡುವ ಆಸೆಯನ್ನೂ ಹುಟ್ಟಿಸುತ್ತದೆ. ಎರಡು ಗಂಟೆಗಳ ಬಳಿಕ ಕಣ್ಣು ದಣಿಯುತ್ತದೆ, ಆಮೇಲೆ ನಾವು ಚಿತ್ರಗಳ ಮುಂದೆ ಹಾದುಹೋಗುತ್ತೇವೆಯೇ ಹೊರತು ಅವುಗಳನ್ನು ನೋಡುವುದಿಲ್ಲ. ಆದ್ದರಿಂದ ದಿನಕ್ಕೆ ಒಂದೇ ಸಂಗ್ರಹಾಲಯವೆಂದು ಮೊದಲೇ ನಿರ್ಧರಿಸಿಕೊಂಡು ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆ ಒಂದನ್ನೇ ಆರಿಸಬೇಕಾಗಿ ಬಂದರೆ ರೈಕ್ಸ್‌ಮ್ಯೂಸಿಯಂ ಅನ್ನೇ ಆರಿಸಬೇಕು. ಪಿಯರ್ ಕೈಪರ್ಸ್ ವಿನ್ಯಾಸಗೊಳಿಸಿದ ಈ ಕಟ್ಟಡ ತೆರೆದದ್ದು 1885ರಲ್ಲಿ. ಕಾಲಕಾಲಕ್ಕೆ ಅದರ ಒಳ ಅಂಗಳಗಳನ್ನು ಮುಚ್ಚಿ ಹೆಚ್ಚುವರಿ ಕೋಣೆಗಳನ್ನು ಕಟ್ಟಲಾಗಿತ್ತು. 2003ರಿಂದ 2013ರವರೆಗೆ ನಡೆದ ನವೀಕರಣದಲ್ಲಿ ಸ್ಪೇನಿನ ವಾಸ್ತುಶಿಲ್ಪಿಗಳಾದ ಕ್ರೂಸ್ ಮತ್ತು ಓರ್ಟಿಸ್ ಅವನ್ನೆಲ್ಲ ತೆಗೆಸಿ ಅಂಗಳಗಳಿಗೆ ಮತ್ತೆ ಬೆಳಕು ಬರುವಂತೆ ಮಾಡಿದರು. ಕಟ್ಟಡದ ನಡುವಿನಿಂದ ಹಾದುಹೋಗುವ ಸೈಕಲ್ ದಾರಿ ಇಂದಿಗೂ ಉಳಿದಿದೆ, ಊರಿನ ಜನ ದಿನವೂ ಅದರಲ್ಲಿ ಓಡಾಡುತ್ತಾರೆ.

ಎರಡನೆಯ ಮಹಡಿಯ ಗೌರವ ಗ್ಯಾಲರಿಯ ಕೊನೆಯಲ್ಲಿ ನಗರದ ಕಾವಲು ಪಡೆಯ ಗುಂಪುಚಿತ್ರವಾದ, ರೆಂಬ್ರಾಂಟ್‌ನ 1642ರ ‘ನೈಟ್ ವಾಚ್’ ಇದೆ. ಇಡೀ ಕಟ್ಟಡವನ್ನು ಆ ಚಿತ್ರದ ಕಡೆಗೆ ಕರೆದೊಯ್ಯುವಂತೆಯೇ ಕಟ್ಟಲಾಗಿದ್ದು, ನವೀಕರಣದ ನಂತರ ಹಿಂದಿನ ಜಾಗಕ್ಕೇ ಮರಳಿದ ಏಕೈಕ ವರ್ಣಚಿತ್ರವೂ ಅದೇ. ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲದ ಆ ಕ್ಯಾನ್ವಾಸ್ ಮೊದಲು ಇನ್ನೂ ದೊಡ್ಡದಾಗಿತ್ತು. 1715ರಲ್ಲಿ ಪುರಭವನದ ಗೋಡೆಯ ಅಳತೆಗೆ ಹೊಂದಿಸಲು ಅದರ ನಾಲ್ಕೂ ಬದಿಗಳನ್ನು ಕತ್ತರಿಸಿದರು. 2019ರಿಂದ ಅದರ ಸಂಶೋಧನೆ ಮತ್ತು ಸಂರಕ್ಷಣೆಯ ಕೆಲಸವನ್ನು ಗಾಜಿನ ಕೋಣೆಯೊಳಗೆ, ಸಾರ್ವಜನಿಕರ ಕಣ್ಣೆದುರಿಗೇ ನಡೆಸಲಾಗುತ್ತಿದೆ, ಹಳೆಯ ವಾರ್ನಿಷ್ ತೆಗೆಯುವ ಕಾರ್ಯ 2024ರಲ್ಲಿ ಆರಂಭವಾಯಿತು. ದೂರದಿಂದ ಬಂದವರಿಗೆ ಗಾಜು ಅಡ್ಡವೆನಿಸಬಹುದು. ನನಗಾದರೋ, ಒಂದು ಕಲಾಕೃತಿಯನ್ನು ಉಳಿಸಿಕೊಳ್ಳಲು ಎಷ್ಟು ತಾಳ್ಮೆ ಬೇಕೆಂಬುದನ್ನು ಮುಚ್ಚಿಡದೆ ತೋರಿಸುವ ಈ ವ್ಯವಸ್ಥೆ ಬಹಳ ಮೆಚ್ಚುಗೆಯಾಯಿತು.

ಅದೇ ಗ್ಯಾಲರಿಯ ಪಕ್ಕದ ಗೂಡೊಂದರಲ್ಲಿರುವ ವರ್ಮೀರ್‌ನ ‘ಹಾಲೆರೆಯುವ ಹೆಂಗಸು’ 45.5 ಸೆಂಟಿಮೀಟರ್ ಎತ್ತರದ ಪುಟ್ಟ ಚಿತ್ರ. ಅವಳ ಹಿಂದಿನ ಬಿಳಿ ಗೋಡೆಯನ್ನು ನಿಧಾನವಾಗಿ ನೋಡಿದರೆ ಮೊಳೆಯೊಂದು, ಅದರ ನೆರಳು, ಮೊಳೆ ಕಿತ್ತ ತೂತುಗಳು ಒಂದೊಂದಾಗಿ ಕಾಣಿಸುತ್ತವೆ. ಆ ಗೋಡೆಯ ಮೇಲೆ ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ಬರೆದು, ಆಮೇಲೆ ಕಲಾವಿದನೇ ಅಳಿಸಿದ್ದನೆಂದು 2022ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿದೆ. ತುಂಬಬಹುದಾಗಿದ್ದ ಜಾಗವನ್ನು ಅವನು ಬೇಕೆಂದೇ ಖಾಲಿ ಬಿಟ್ಟನೆಂದು ತಿಳಿದ ಮೇಲೆ ಆ ಗೋಡೆಯೇ ಚಿತ್ರದ ಮುಖ್ಯ ಭಾಗವೆನಿಸುತ್ತದೆ.

ಕನ್ನಡದ ಪ್ರವಾಸಿಗರು ತಪ್ಪಿಸಬಾರದ ಇನ್ನೊಂದು ಜಾಗವೆಂದರೆ ನೀರಿನಿಂದ ಸುತ್ತುವರಿದ ಏಷ್ಯಾ ವಿಭಾಗದ ಪ್ರತ್ಯೇಕ ಮಂಟಪ. ಅಲ್ಲಿ ಚೋಳರ ಕಾಲದ, ಒಂದೂವರೆ ಮೀಟರಿಗೂ ಎತ್ತರದ ಕಂಚಿನ ನಟರಾಜನಿದ್ದಾನೆ. ದೇವಸ್ಥಾನದಲ್ಲಿ ಉತ್ಸವಮೂರ್ತಿಯನ್ನು ನಾವು ಕಾಣುವುದು ವಸ್ತ್ರ, ಹೂವು, ಆಭರಣಗಳ ನಡುವೆ. ಇಲ್ಲಿ ಅವು ಯಾವುವೂ ಇಲ್ಲದಿರುವುದರಿಂದ ಎತ್ತಿದ ಪಾದದ ಬಾಗು, ಹರಡಿದ ಜಟೆ, ಕಾಲ ಕೆಳಗಿನ ಅಪಸ್ಮಾರನ ದೇಹ, ಎಲ್ಲದರಲ್ಲೂ ಎರಕ ಹೊಯ್ದವನ ಕೌಶಲ ಪೂರ್ಣವಾಗಿ ತೋರುತ್ತದೆ. ಅದರ ಜೊತೆಗೆ, ಮೆರವಣಿಗೆಯಲ್ಲಿ ಸಾಗಬೇಕಾದ ಮೂರ್ತಿ ಹೀಗೆ ನಿಂತೇ ಇರುವುದನ್ನು ಕಂಡಾಗ ಮನಸ್ಸಿಗೆ ನೋವೂ ಆಗುತ್ತದೆ. ಎರಡೂ ಭಾವಗಳಿಗೆ ಸಮಯ ಕೊಡಬೇಕಾದ ಸ್ಥಳವಿದು.

ವ್ಯಾನ್ ಗೋ ಮ್ಯೂಸಿಯಂ ಅನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಟಿಕೆಟ್ಟು ಆನ್‌ಲೈನ್‌ನಲ್ಲಿ ಮಾತ್ರ, ನಿಗದಿತ ಪ್ರವೇಶ ಸಮಯದೊಂದಿಗೆ ಸಿಗುತ್ತದೆ, ಆದ್ದರಿಂದ ರಜೆಯ ದಿನಾಂಕ ಗೊತ್ತಾದ ಕೂಡಲೇ ಕಾಯ್ದಿರಿಸಬೇಕು. ಸುಮಾರು ಹತ್ತೇ ವರ್ಷಗಳಲ್ಲಿ ಮುಗಿದ ವ್ಯಾನ್ ಗೋನ ಕಲಾಜೀವನವನ್ನು 1885ರ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಮಣ್ಣಿನ ಬಣ್ಣಗಳಿಂದ ಆರಂಭಿಸಿ ನೋಡಿದಾಗ, 1890ರಲ್ಲಿ ತಮ್ಮನ ನವಜಾತ ಮಗನಿಗಾಗಿ ಬರೆದ ಬಾದಾಮಿ ಹೂಗಳ ನೀಲಿ ಹಿನ್ನೆಲೆ ಎಷ್ಟು ದೂರದ ಪಯಣವೆಂಬುದು ಅರ್ಥವಾಗುತ್ತದೆ. ಆ ಮಗುವೇ ಬೆಳೆದು, 1973ರಲ್ಲಿ ತೆರೆದ ಈ ಸಂಗ್ರಹಾಲಯದ ಸ್ಥಾಪನೆಗೆ ಕಾರಣನಾದನು. ‘ಮಲಗುವ ಕೋಣೆ’ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇಂದು ನೀಲಿಯಾಗಿ ಕಾಣುವ ಅದರ ಗೋಡೆಗಳು ಮೊದಲು ನೇರಳೆ ಬಣ್ಣದಲ್ಲಿದ್ದವು, ಕೆಂಪು ವರ್ಣದ್ರವ್ಯ ಬೆಳಕಿಗೆ ಮಾಸಿದ್ದರಿಂದ ನೀಲಿಯಷ್ಟೇ ಉಳಿಯಿತು.

ಸ್ಟೆಡೆಲೈಕ್ ಆಧುನಿಕ ಕಲೆ ಮತ್ತು ವಿನ್ಯಾಸದ ಸಂಗ್ರಹಾಲಯ. ಅಮೂರ್ತ ಚಿತ್ರಕಲೆಯ ಆದ್ಯರಲ್ಲೊಬ್ಬನಾದ ಮಾಲೆವಿಚ್‌ನ ಕೃತಿಗಳಲ್ಲಿ ಆಸಕ್ತಿಯುಳ್ಳವರು ಅವಶ್ಯವಾಗಿ ಹೋಗಬೇಕು, ಸಮಯ ಕಡಿಮೆಯಿರುವ ಉಳಿದವರು ಬಿಟ್ಟರೂ ನಡೆದೀತು.

ರೈಕ್ಸ್‌ಮ್ಯೂಸಿಯಂ ವರ್ಷದ ಎಲ್ಲ ದಿನಗಳಲ್ಲೂ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. 18 ವರ್ಷದೊಳಗಿನವರಿಗೆ ಅಲ್ಲಿಯೂ ವ್ಯಾನ್ ಗೋ ಮ್ಯೂಸಿಯಂನಲ್ಲಿಯೂ ಪ್ರವೇಶ ಉಚಿತವಾಗಿರುವುದರಿಂದ ಕುಟುಂಬದೊಡನೆ ಹೋಗುವವರಿಗೆ ಖರ್ಚು ಎಷ್ಟೋ ತಗ್ಗುತ್ತದೆ. ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ಯನ್ನು ನೋಡಲೇಬೇಕೆಂದಿರುವವರು ಮಾತ್ರ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲಿಲ್ಲ, ಹೇಗ್ ನಗರದ ಮಾರಿಟ್ಸ್‌ಹೌಸ್‌ನಲ್ಲಿದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು, ರೈಲಿನಲ್ಲಿ ಹೋಗಿಬರಲು ಇನ್ನೊಂದು ಅರ್ಧ ದಿನವನ್ನು ತೆಗೆದಿಡಬೇಕು.