ಗಂಟೆ ಲೆಕ್ಕದ ಕಾರು: ಎಂಟು ತಿಂಗಳು ಓಡಿಸಿದ ಮೇಲೆ

ಸ್ವಂತ ಕಾರು ಮಾರಿ ಎಂಟು ತಿಂಗಳಾಯಿತು. ಪರಿಸರದ ಮೇಲೆ ಪ್ರೀತಿ ಉಕ್ಕಿ ಮಾರಿದ್ದಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ವಾರಕ್ಕೆರಡು ಸಲ ಹೊರಗೆ ತೆಗೆಯುವ ಗಾಡಿಗೆ ಇನ್ಶೂರೆನ್ಸ್, ಸರ್ವಿಸ್, ನಿಂತಲ್ಲೇ ಇಳಿದುಹೋಗುವ ಬ್ಯಾಟರಿ ಅಂತ ವರ್ಷವಿಡೀ ಚಾಕರಿ ಮಾಡಿ ಸಾಕಾಗಿತ್ತು. ಆಗಿನಿಂದ, ಮನೆಯಿಂದ ಏಳು ನಿಮಿಷ ನಡೆದರೆ ಸಿಗುವ ಕಾರ್ ಶೇರಿಂಗ್ ಸ್ಟ್ಯಾಂಡನ್ನೇ ನೆಚ್ಚಿಕೊಂಡಿದ್ದೇನೆ. ಅಲ್ಲಿರುವುದು ಮೂರು ಕಾರು.

ಆಪ್‌ನಲ್ಲಿ ಬುಕ್ ಮಾಡಬೇಕು, ಫೋನಿನಿಂದಲೇ ಬಾಗಿಲು ತೆಗೆಯಬೇಕು, ಕೀಲಿ ಒಳಗೇ ಇರುತ್ತದೆ. ಗಂಟೆಗಿಷ್ಟು, ಕಿಲೋಮೀಟರಿಗಿಷ್ಟು. ಇಂಧನ, ಇನ್ಶೂರೆನ್ಸ್ ಎಲ್ಲ ಅದರಲ್ಲೇ. ಕೆಲಸ ಮುಗಿದ ಮೇಲೆ ತಂದು ಅದೇ ಜಾಗದಲ್ಲಿ ನಿಲ್ಲಿಸಬೇಕು.

ಹತ್ತುವ ಮುಂಚೆ ಗಾಡಿಗೆ ಒಂದು ಸುತ್ತು ಬಂದು ಫೋಟೊ ತೆಗೆದುಕೊಳ್ಳಿ. ಎರಡನೇ ತಿಂಗಳಲ್ಲಿ ಅವಸರಕ್ಕೆ ಅದನ್ನು ಬಿಟ್ಟೆ. ಹಿಂಬಾಗಿಲ ಕೆಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಗೇಣುದ್ದದ ಗೀರು ನನ್ನ ತಲೆಗೆ ಬಂತು. "ನಿಮ್ಮ ಹಿಂದಿನವರು ಏನೂ ಬರೆದಿಲ್ಲ ಸರ್" ಎಂಬ ಒಂದೇ ಮಾತನ್ನು ಕಂಪನಿಯವರಿಂದ ಹನ್ನೊಂದು ದಿನ ಕೇಳಿದೆ. ಕೊನೆಗೆ ಅದಕ್ಕೂ ಮುಂಚಿನವರ ಫೋಟೊದಲ್ಲಿ ಗೀರು ಸಿಕ್ಕಿತು, ನಾನು ಬಚಾವಾದೆ. ಕ್ಷಮೆ ಗಿಮೆ ಏನೂ ಬರಲಿಲ್ಲ.

ಇನ್ನೊಂದು ತೊಂದರೆ ನೆಟ್‌ವರ್ಕಿನದು. ಸ್ಟ್ಯಾಂಡ್ ಇರುವುದು ನೆಲಮಾಳಿಗೆಯಲ್ಲಿ. ಅಪ್ಪನ ಕಣ್ಣಿನ ಪೊರೆ ಆಪರೇಷನ್ ದಿನ ಆಪ್‌ನಲ್ಲಿ ಚಕ್ರ ತಿರುಗಿದ್ದೇ ತಿರುಗಿದ್ದು, ಬಾಗಿಲು ಮಾತ್ರ ತೆರೆಯಲಿಲ್ಲ. ಮೇಲೆ ಓಡಿಬಂದು ಹೆಲ್ಪ್‌ಲೈನಿಗೆ ಫೋನು ಮಾಡಿ, ಅವರು ಅಲ್ಲಿಂದ ಲಾಕ್ ತೆಗೆಸುವಷ್ಟರಲ್ಲಿ ಹದಿನೆಂಟು ನಿಮಿಷ. "ನಮ್ಮದೇ ಇದ್ದಿದ್ರೆ ಕೀಲಿ ತಿರುಗಿಸಿ ಹೊರಡ್ತಿದ್ವಲ್ಲೋ" ಅಂದರು ಅಪ್ಪ. ಉತ್ತರ ಕೊಡಲಿಲ್ಲ. ಇತ್ತೀಚೆಗೆ ಬ್ಲೂಟೂತಿನಲ್ಲೂ ತೆರೆಯುವ ಹಾಗೆ ಮಾಡಿದ್ದಾರೆ, ಈ ಕಾಟ ತಪ್ಪಿದೆ.

ಇಷ್ಟೆಲ್ಲ ಬೈದರೂ ಬಿಟ್ಟಿಲ್ಲ ಯಾಕೆ? ಸ್ವಂತ ಕಾರಿನ ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ದುಡ್ಡು ಮೊದಲೇ ಸುರಿದಾಗಿರುತ್ತದೆ, ಹೊರಡುವಾಗ ನೆನಪಾಗುವುದು ಪೆಟ್ರೋಲ್ ಒಂದೇ. ಹಾಗಾಗಿ ಎರಡು ಬೀದಿ ಆಚೆಗೂ ಗಾಡಿ ತೆಗೆಯುತ್ತಿದ್ದೆ. ಇಲ್ಲಿ ಹೊರಡುವ ಮುಂಚೆಯೇ ಗಂಟೆಯ ಲೆಕ್ಕ ಮುಖಕ್ಕೆ ಹೊಡೆಯುತ್ತದೆ. ಈಗ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ: ಅಕ್ಕಿ ಮೂಟೆ, ಹಳೇ ಪೇಪರು, ಅತ್ತೆ ಮನೆಗೆ ಮಿಕ್ಸಿ. ನಾಲ್ಕೈದು ಕೆಲಸ ಕೂಡಿದರೆ ಒಂದು ಬುಕಿಂಗ್. ಉಳಿದ ದಿನ ಬಸ್ಸು, ಇಲ್ಲವೇ ಕಾಲು.

ಎಲ್ಲಿ ಬೇಕಾದರೂ ಬಿಟ್ಟು ಹೋಗಬಹುದಾದ ಇನ್ನೊಂದು ಸೇವೆಯನ್ನೂ ಒಂದು ತಿಂಗಳು ನೋಡಿದೆ. ಹಾಯಾಗಿತ್ತು, ಅದೇ ತೊಂದರೆ. ಬಸ್ ಸ್ಟಾಪಿನಲ್ಲಿ ನಿಂತಾಗಲೇ ಫೋನು ತೆಗೆದು "ಹತ್ತಿರ ಕಾರಿದೆಯಾ" ಅಂತ ಹುಡುಕುವ ಚಟ ಹತ್ತಿತು. ಬಸ್ಸಿನಲ್ಲಿ ಹೋಗುತ್ತಿದ್ದವನನ್ನು ಕಾರಿಗೆ ಹತ್ತಿಸಿದರೆ ರಸ್ತೆಗೇನು ಲಾಭ? ನನಗಂತೂ ತಂದ ಜಾಗಕ್ಕೇ ವಾಪಸ್ ಬಿಡುವ ಹಳೇ ಪದ್ಧತಿಯೇ ಸರಿ. ಹಳೇದು ಅಂದರೆ ನಿಜಕ್ಕೂ ಹಳೇದು: ಜ್ಯೂರಿಕ್‌ನಲ್ಲಿ 1948ರಲ್ಲೇ ಜನ ಸಹಕಾರ ಸಂಘ ಕಟ್ಟಿ ಕಾರು ಹಂಚಿಕೊಂಡಿದ್ದರು. ಆದರೆ ಪ್ಯಾರಿಸ್ಸಿನಲ್ಲಿ ಒಂದು ಸ್ಟ್ಯಾಂಡಿನಿಂದ ಒಯ್ದು ಇನ್ನೊಂದರಲ್ಲಿ ಬಿಡಬಹುದಾಗಿದ್ದ ಎಲೆಕ್ಟ್ರಿಕ್ ಕಾರುಗಳ ಆಟೋಲಿಬ್ ಸೇವೆ 2011ರಲ್ಲಿ ಶುರುವಾಗಿ, ಸಾಲದ ಹೊರೆಯಲ್ಲಿ 2018ಕ್ಕೆ ಮುಚ್ಚಿತು.

ಭಾನುವಾರ ಬೆಳಿಗ್ಗೆ ಕಾರು ಬೇಕೆಂದರೆ ಬುಧವಾರವೇ ಬುಕ್ ಮಾಡಬೇಕು, ಇಲ್ಲವಾದರೆ ಮೂರೂ ಬೇರೆಯವರ ಪಾಲು. ಸೀಟಿನ ಸಂದಿಯಲ್ಲಿ ಯಾರದೋ ಮಗುವಿನ ಬಿಸ್ಕತ್ತಿನ ಪುಡಿ ಇದ್ದೇ ಇರುತ್ತದೆ. ದಿನಾ ಕಾರಿನಲ್ಲೇ ಕೆಲಸಕ್ಕೆ ಹೋಗಬೇಕಾದವರಿಗೆ ಇದು ಆಗಿಬರುವುದಿಲ್ಲ, ಲೆಕ್ಕ ಕೈ ಕಚ್ಚುತ್ತದೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ಸ್ಟಾರ್ ಆ ಗೀರಿಗೆ.

ಈಗ ಹೊರಡುವ ಮುಂಚೆ ಗಾಡಿ ಸುತ್ತಿ ಬರುವ ಕೆಲಸ ಅಪ್ಪನದು. ಆಪರೇಷನ್ ಆದ ಮೇಲೆ ಅವರ ಕಣ್ಣು ನನ್ನದಕ್ಕಿಂತ ಚುರುಕು. ಕೋಲಿನ ತುದಿಯಲ್ಲಿ "ಇಲ್ಲೊಂದು, ಇಲ್ಲೊಂದು" ಅಂತ ತೋರಿಸುತ್ತ ಹೋಗುತ್ತಾರೆ, ನಾನು ಹಿಂದೆ ಫೋಟೊ ತೆಗೆಯುತ್ತ ಹೋಗುತ್ತೇನೆ.