ಮೂರು ಸ್ಪ್ರೇ, ಒಂದು ಸೈರನ್, ಅಮ್ಮನ ಖಾರದ ಪುಡಿ

ಎರಡನೇ ಶಿಫ್ಟ್ ಮುಗಿಸಿ ದಾಸರಹಳ್ಳಿ ಮೆಟ್ರೋ ಮೆಟ್ಟಿಲು ಇಳಿಯುವಾಗ ರಾತ್ರಿ ಹತ್ತೂವರೆ ಆಗಿರುತ್ತದೆ. ಅಲ್ಲಿಂದ ಮನೆಗೆ ಹದಿನೈದು ನಿಮಿಷದ ನಡಿಗೆ. ಮಧ್ಯೆ ಬೀದಿದೀಪ ಉರಿಯದ ಒಂದು ತಿರುವು. ಹೋದ ವರ್ಷ ಒಬ್ಬ ಬೈಕಿನವನು ಆ ತಿರುವಿನಲ್ಲಿ ಎರಡು ರಾತ್ರಿ ನಿಧಾನಕ್ಕೆ ನನ್ನ ಹಿಂದೆಯೇ ಬಂದ. ಏನೂ ಮಾಡಲಿಲ್ಲ. ಮೂರನೇ ದಿನ ನಾನು ಪೆಪ್ಪರ್ ಸ್ಪ್ರೇ ಆರ್ಡರ್ ಮಾಡಿದೆ, ಅದೂ ಮೂರು ಥರದ್ದು. ಜೊತೆಗೊಂದು ಸೈರನ್. ಇದಕ್ಕೆಲ್ಲ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ.

‘ದುಡ್ಡು ದಂಡ. ಖಾರದ ಪುಡಿ ಪೊಟ್ಟಣ ಸಾಕಲ್ವಾ?’ ಅಂದರು ಅಮ್ಮ. ಹಾಗಾಗಿ ಅದೂ ಪಟ್ಟಿಗೆ ಸೇರಿತು.

ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ಪೊಟ್ಟಣ ಬಿಚ್ಚಿ, ಮುಷ್ಟಿ ತುಂಬಿಕೊಂಡು, ಗುರಿಯಿಟ್ಟು ಎರಚುವಷ್ಟರಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ. ಪುಡಿ ನಾಲ್ಕು ಅಡಿಯೂ ಹೋಗಲಿಲ್ಲ, ಅರ್ಧ ನನ್ನ ಬಟ್ಟೆಗೇ ಬಿತ್ತು. ಮೇಲಾಗಿ ನಮ್ಮ ಮನೆಯದು ಬ್ಯಾಡಗಿ. ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಎಣ್ಣೆ ಲಿಪ್‌ಸ್ಟಿಕ್ಕಿನ ಬಣ್ಣಕ್ಕೆ ಹೋಗುತ್ತದೆ, ಕಳ್ಳನ ಕಣ್ಣಿಗಲ್ಲ. ಸ್ಪ್ರೇಯಲ್ಲಿ ಇರುವುದೂ ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸತ್ವವೇ, ಆದರೆ ಖಾರದ ಜಾತಿಯದು. ಹೆಸರು ಪೆಪ್ಪರ್ ಅಂತಿದ್ದರೂ ಕಾಳುಮೆಣಸಿಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಭಾನುವಾರ ತಾರಸಿಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮನುಷ್ಯನ ತಲೆ ಬರೆದೆವು. ತಂಗಿ ಟೇಪು ಹಿಡಿದಳು.

ಮೊದಲು ಮಂಜಿನ ಹಾಗೆ ಹರಡುವ ಸ್ಪ್ರೇ. ಜಿರಳೆ ಔಷಧಿ ಹೊಡೆದ ಹಾಗೆ ಅಗಲಕ್ಕೆ ಹೋಗುತ್ತದೆ. ಗುರಿ ಬೇಕಾಗಿಲ್ಲ, ಕೈ ನಡುಗಿದರೂ ಮುಖಕ್ಕೆ ಬೀಳುತ್ತದೆ. ಇದೇ ಚೆನ್ನಾಗಿದೆ ಅಂದುಕೊಳ್ಳುವಷ್ಟರಲ್ಲಿ ಗಾಳಿ ತಿರುಗಿತು. ಬಂದದ್ದು ಸ್ವಲ್ಪವೇ. ಆದರೂ ಕಣ್ಣು ತಾನಾಗಿ ಮುಚ್ಚಿಕೊಂಡಿತು, ತೆರೆಯುತ್ತೇನೆ ಅಂದರೂ ರೆಪ್ಪೆ ಮಾತು ಕೇಳಲಿಲ್ಲ. ಎದೆಯಲ್ಲಿ ನೂರು ಒಗ್ಗರಣೆಯ ಘಾಟು. ನೀರು ಸುರಿದುಕೊಂಡೆ. ಉರಿ ಕೆನ್ನೆಯಿಂದ ಕುತ್ತಿಗೆಗೆ ಇಳಿಯಿತು ಅಷ್ಟೇ. ಎಣ್ಣೆ ಬರೀ ನೀರಿಗೆ ಬಿಡುವುದಿಲ್ಲ. ಮಗುವಿನ ಶಾಂಪೂ ಹಚ್ಚಿ, ಉಜ್ಜದೆ ಮತ್ತೆ ಮತ್ತೆ ತೊಳೆದ ಮೇಲೆ, ಸುಮಾರು ಮುಕ್ಕಾಲು ಗಂಟೆಗೆ ತಂಗಿಯ ಮುಖ ಸರಿಯಾಗಿ ಕಂಡಿತು. ಅವಳು ನಗುತ್ತಿದ್ದಳು. ಕೆಳಗಿನ ಮನೆಯ ಆಂಟಿ ಕೆಮ್ಮುತ್ತಾ ಮೇಲೆ ಬಂದು, ‘ಏನಮ್ಮಾ ಹುರೀತಿದ್ದೀರಿ?’ ಅಂತ ಕೇಳಿದರು.

ಬಯಲಲ್ಲೇ ಹೀಗಾದರೆ ಲಿಫ್ಟಲ್ಲಿ, ಆಟೋದಲ್ಲಿ ಇದನ್ನು ಒತ್ತಿದರೆ ಗತಿಯೇನು? 2014ರ ಫೆಬ್ರವರಿ 13ರಂದು ಲೋಕಸಭೆಯೊಳಗೆ ಒಬ್ಬ ಸಂಸದರು ಪೆಪ್ಪರ್ ಸ್ಪ್ರೇ ಹೊಡೆದಾಗ ಇಡೀ ಸದನವೇ ಕೆಮ್ಮಿತ್ತಲ್ಲ, ಹಾಗೇ.

ಧಾರೆಯಾಗಿ ಚಿಮ್ಮುವ ಸ್ಪ್ರೇ ಬೇರೆ ಜಾತಿ. ಮಕ್ಕಳ ನೀರಿನ ಪಿಸ್ತೂಲಿನ ಹಾಗೆ. ಹತ್ತು ಅಡಿ ದೂರದಿಂದ ಗೋಡೆಗೆ ತಲುಪಿತು, ಗಾಳಿಗೆ ಅಷ್ಟಾಗಿ ಬಗ್ಗಲಿಲ್ಲ. ಆದರೆ ಮುಖಕ್ಕೇ ಬೀಳಬೇಕು. ನನ್ನ ಮೊದಲ ಎರಡು ಧಾರೆ ಸೀಮೆಸುಣ್ಣದ ಕಿವಿ ಪಕ್ಕದಲ್ಲಿ ಹೋದವು. ಮೂರನೆಯದನ್ನು ಎದೆಯಿಂದ ಮೇಲಕ್ಕೆ ಎಳೆದೆ, ಕಣ್ಣಿಗೆ ಬಿತ್ತು. ಅಭ್ಯಾಸದ ಮಾತು. ಒಂದು ಡಬ್ಬಿ ಅಭ್ಯಾಸಕ್ಕೇ ಖರ್ಚಾಗಲಿ ಅಂತ ಬಿಟ್ಟುಬಿಡಿ.

ಕೀಚೈನಿನ ಪುಟ್ಟ ಸ್ಪ್ರೇ ನೋಡಲು ಮುದ್ದು. ನಾಲ್ಕು ಸಲ ಒತ್ತಿದರೆ ಖಾಲಿ. ಅದರ ಲಾಕ್ ಬ್ಯಾಗಿನೊಳಗೆ ತಾನೇ ತಿರುಗಿ, ಕರ್ಚೀಫಿಗೆ ಸೋರಿ, ಅದರಲ್ಲೇ ನಾನು ಹಣೆ ಒರೆಸಿಕೊಂಡ ಕಥೆ ಬೇಡ ಬಿಡಿ.

ಸೈರನ್‌ಗೆ ಪಿನ್ ಎಳೆದರೆ ಸಾಕು. ಬೀದಿಯ ನಾಯಿಗಳೆಲ್ಲ ಬೊಗಳಿದವು, ಎರಡು ಕಿಟಕಿ ತೆರೆದವು. ಜನ ಇರುವ ಕಡೆ ಇದು ನನಗೆ ಸ್ಪ್ರೇಗಿಂತ ಇಷ್ಟ. ಬೈಕಿನವನು ಮುಖ ಮುಚ್ಚುವ ಹೆಲ್ಮೆಟ್ ಹಾಕಿ ಗಾಜು ಇಳಿಸಿದ್ದರೆ ಯಾವ ಸ್ಪ್ರೇಯೂ ನಡೆಯುವುದಿಲ್ಲ, ಶಬ್ದ ನಡೆಯುತ್ತದೆ. ಸುಮ್ನೆ ಒತ್ತಿದರೂ ಕೇಸಾಗುವುದಿಲ್ಲ. ಸ್ಪ್ರೇ ಹಾಗಲ್ಲ. 2024ರಲ್ಲಿ ನಮ್ಮ ಹೈಕೋರ್ಟೇ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಅಂದಿತು. ಜೀವಕ್ಕೆ ಅಪಾಯ ಕಾಣದಿರುವಾಗ ಆತ್ಮರಕ್ಷಣೆ ಅನ್ನುವ ನೆಪ ನಿಲ್ಲುವುದಿಲ್ಲ ಅಂತ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಜಗಳಕ್ಕೆ, ಪಾರ್ಕಿಂಗ್ ತಕರಾರಿಗೆ ಇದು ಅಲ್ಲ.

ನನಗೆ ಕಣ್ಣು ತೆರೆಸಿದ್ದು ಇದ್ಯಾವುದೂ ಅಲ್ಲ, ತಂಗಿಯ ಸ್ಟಾಪ್‌ವಾಚ್. ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ‘ಈಗ ಅಕ್ಕಾ!’ ಅನ್ನುತ್ತಿದ್ದಳು. ಬ್ಯಾಗಿನ ತಳದಲ್ಲಿ, ಟಿಫಿನ್ ಡಬ್ಬಿ ಕೆಳಗಿದ್ದ ಸ್ಪ್ರೇ ಕೈಗೆ ಬರಲು ಹನ್ನೊಂದು ಸೆಕೆಂಡ್. ಪಕ್ಕದ ಜೇಬಿನಿಂದ ನಾಲ್ಕು. ಬ್ಯಾಗಿನ ಪಟ್ಟಿಗೆ ಕಟ್ಟಿದ ಸೈರನ್ ಒಂದೇ ಸೆಕೆಂಡ್.

ಈಗ ಮೆಟ್ರೋ ಮೆಟ್ಟಿಲಲ್ಲೇ ಧಾರೆಯ ಸ್ಪ್ರೇ ಬಲಗೈಗೆ ಬರುತ್ತದೆ, ಹೆಬ್ಬೆರಳು ಲಾಕ್ ಮೇಲೆ. ಸೈರನ್ ಪಟ್ಟಿಯಲ್ಲಿ, 112 ಫೋನಿನ ಶಾರ್ಟ್‌ಕಟ್‌ನಲ್ಲಿ. ಮಂಜಿನದು ಮನೆ ಬಾಗಿಲ ಹಿಂದೆ. ಊರಿಗೆ ವಿಮಾನದಲ್ಲಿ ಹೋಗುವಾಗ ಸೈರನ್ ಮಾತ್ರ, ಸ್ಪ್ರೇ ಒಯ್ಯುವ ಹಾಗಿಲ್ಲ. ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಒಳಗಿನ ಒತ್ತಡ ಏರುತ್ತದೆ. ಡಬ್ಬಿಯ ಮೇಲೆ ಎಕ್ಸ್‌ಪೈರಿ ತಿಂಗಳು ಇರುತ್ತದೆ. ನಮ್ಮದನ್ನು ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ, ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲಿ.